ವಾದ್ಯ ನೋಡಿಕೊಳ್ಳುವವರು

ನವೆಂಬರ್ ೪, ಸೋಮವಾರ

ಇವತ್ತಿನದನ್ನು ಬರೆಯುವುದೋ ಬೇಡವೋ ಎಂದು ಊಟ ಮುಗಿಯುವವರೆಗೂ ಯೋಚಿಸಿದೆ. ಬರೆಯದಿದ್ದರೆ ನಾಳೆ ಅದಕ್ಕೆ ಬೇರೆ ಬಣ್ಣ ಹಚ್ಚಿಬಿಡುತ್ತೇನೆ. ಹಾಗಾಗಿ ನಡೆದದ್ದು ನಡೆದ ಹಾಗೆ.

ಬೆಳಗಿನ ತಾಲೀಮಿನ ಬಿಡುವಿನಲ್ಲಿ ಮಾವ ಹಾಲ್‌ಗೆ ಬಂದ. ಮಾವ ಅಂದರೆ ಅಮ್ಮನ ತಮ್ಮ. ನಾನು ನುಡಿಸುವ ಡಬಲ್ ಬಾಸ್, ಆಳೆತ್ತರದ ಆ ಪಿಟೀಲು, ಅವನದು. ಹೋಟೆಲ್ಲು, ಸರ್ಕಸ್ಸು, ಪ್ರಯಾಣಿಕರ ಹಡಗು ಎಂದು ಅರ್ಧ ಆಯುಷ್ಯ ಅದನ್ನು ಹೊತ್ತು ತಿರುಗಿದವನು, ಎಡಗೈಯ ಎರಡು ಬೆರಳು ಮಡಚದಂತಾಗಿ ಕೈ ನಡುಗಲು ಶುರುವಾದ ಮೇಲೆ ನನಗೆ ಕೊಟ್ಟ. ಕಲಿಸಿದವನೂ ಅವನೇ. ಆದರೆ ಕೊಟ್ಟದ್ದು ನುಡಿಸಲಿಕ್ಕೆ ಮಾತ್ರ. ನೋಡಿಕೊಳ್ಳುವ ಹಕ್ಕನ್ನು ತನ್ನಲ್ಲೇ ಇಟ್ಟುಕೊಂಡಿದ್ದಾನೆ. ಭಾನುವಾರಗಳಂದು ಮನೆಗೆ ಬಂದು ಒರೆಸಿ, ತಟ್ಟಿ, ಮೂಸಿ ಹೋಗುತ್ತಾನೆ. ಹಾಲ್‌ಗೆ ಬಂದದ್ದು ಇದೇ ಮೊದಲು.

ಈ ವಾದ್ಯವೃಂದಕ್ಕೆ ನಾನು ಸೇರಿ ಮೂರು ತಿಂಗಳು. ಇನ್ನೂ ಪರೀಕ್ಷಾವಧಿ. ಬಾಸ್ ಸಾಲಿನಲ್ಲಿ ಎಂಟು ಜನ. ಉಳಿದ ಏಳು ಜನ ಸಂಗೀತ ಕಾಲೇಜಿನಲ್ಲಿ ಕಲಿತವರು. ಎಲ್ಲಿ ಕಲಿತಿರಿ ಎಂದು ಯಾರಾದರೂ ಕೇಳಿದರೆ ನಾನು 'ಮನೆಯಲ್ಲೇ' ಎಂದು ಹೇಳಿ ಮಾತು ಬದಲಿಸುತ್ತೇನೆ. ಸರ್ಕಸ್ಸಿನ ವಿಷಯ ಯಾರಿಗೂ ಗೊತ್ತಿಲ್ಲ.

ಮಾವ ಬಟ್ಟೆಚೀಲದಿಂದ ಗಾಳಿಯ ತೇವ ಅಳೆಯುವ ಮೀಟರ್ ತೆಗೆದು ಎಲ್ಲರಿಗೂ ಕೇಳುವಂತೆ ಅಂದ: "ನಲವತ್ತೂ ಇಲ್ಲ. ಇದೇನು ಹಾಲೋ, ಬಟ್ಟೆ ಒಣಹಾಕೋ ಮಾಳಿಗೆಯೋ?" ಆಮೇಲೆ ವಾದ್ಯದ ಬೆನ್ನಿಗೆ ಕಿವಿ ಇಟ್ಟು, ಬೆರಳ ಗೆಣ್ಣಿನಿಂದ ಅಂಚಿನುದ್ದಕ್ಕೂ ಕುಟ್ಟುತ್ತ ಹೋದ. "ಎಲ್ಲಿ, ಒಂದ್ಸಲ ಕೆಮ್ಮು ನೋಡೋಣ" ಎಂದು ವಾದ್ಯಕ್ಕೇ ಹೇಳಿದ. ನನ್ನ ಪಕ್ಕದವನು ಮೂಗಿನಲ್ಲಿ ನಕ್ಕ. ಸದಾ ಗೊಣಗುವವನಾದ್ದರಿಂದ ಎಲ್ಲರೂ ಅವನನ್ನು ಗೊಣಗ ಎಂದೇ ಕರೆಯುತ್ತಾರೆ. ಗೊಣಗನೇ ನಕ್ಕರೆ ಪರಿಸ್ಥಿತಿ ಎಂಥದ್ದಿರಬೇಕು.

ಅಷ್ಟರಲ್ಲಿ ನಮ್ಮ ಸಾಲಿನ ಮುಖ್ಯಸ್ಥೆ ಬಂದರು. ನನ್ನನ್ನು ಕಾಯಂ ಮಾಡುವುದು ಬಿಡುವುದು ಅವರ ಕೈಯಲ್ಲಿದೆ.

"ಇವರು ಯಾರು?"

"ವಾದ್ಯ ನೋಡಿಕೊಳ್ಳುವವರು," ಅಂದೆ.

ಸುಳ್ಳಲ್ಲ. ಅದಕ್ಕೇ ಅಷ್ಟು ಸಲೀಸಾಗಿ ಬಾಯಿಗೆ ಬಂತು. ಮಾವ ತಲೆ ಎತ್ತಿ ನನ್ನನ್ನು ನೋಡಿದ. ಒಂದು ಕ್ಷಣ ಅಷ್ಟೇ. ಆಮೇಲೆ ಅವರ ಕಡೆ ತಿರುಗಿ, "ಹೌದಮ್ಮ, ವಾರಕ್ಕೊಂದ್ಸಲ ಬರ್ತೀನಿ" ಅಂದ. ನನಗೆ ಅಂದದ್ದು: "ಮೇಡಂ, ಕೆಳಗಡೆ ಬಲಮೂಲೆಯಲ್ಲಿ ಅಂಟು ಬಿಡ್ತಾ ಇದೆ. ನೋಡಿಕೊಳ್ಳಿ."

ಚೀಲ ಹೆಗಲಿಗೇರಿಸಿ ಹೊರಟುಹೋದ. ಬಾಗಿಲವರೆಗೂ ನಾನು ಹೋಗಲಿಲ್ಲ.

ನವೆಂಬರ್ ೭, ಗುರುವಾರ

ಮುಖ್ಯಸ್ಥೆ ಕರೆದು ಹೇಳಿದರು: "ನಿಮ್ಮ ದಪ್ಪ ತಂತಿ ಬಾಯಿ ಬಿಡೋದಕ್ಕೆ ಮುಂಚೆ ಯೋಚನೆ ಮಾಡುತ್ತೆ. ನಾವು ಏಳು ಜನ ಹೇಳಿ ಮುಗಿಸಿದ ಮೇಲೆ ಅದು ಹೇಳುತ್ತೆ." ಉಕ್ಕಿನ ಹೊಸ ತಂತಿ ಹಾಕಿಸಿ, ನಿಮ್ಮ ರಿಪೇರಿಯವರನ್ನು ಕೇಳಿ ಎಂದರು.

ಕೇಳ್ತೀನಿ ಅಂದೆ. ಫೋನ್ ಮಾಡಲಿಲ್ಲ. ತಂತಿ ಮಾತ್ರ ತಂದೆ.

ನವೆಂಬರ್ ೧೦, ಭಾನುವಾರ

ಮಾವ ಎಂದಿನ ಹೊತ್ತಿಗೇ ಬಂದ. ಹೊಸ್ತಿಲಾಚೆ ನಿಂತು, "ಒಳಗೆ ಬರಬಹುದಾ ಮೇಡಂ?" ಎಂದ. ನಾನು ನಕ್ಕೆ. ಅವನು ನಗಲಿಲ್ಲ. ತಮಾಷೆಯೋ ಸಿಟ್ಟೋ ಗೊತ್ತಾಗದೆ ನನ್ನ ನಗು ಅರ್ಧಕ್ಕೇ ನಿಂತಿತು. ಆಗಲೇ ಹೇಳಬೇಕಾದ ಮಾತೊಂದು ಇತ್ತು. ಹೇಳಲಿಲ್ಲ.

ಕೆಲಸ ಎಂದಿನಂತೆ ಮಾಡಿದ. ಕಮಾನಿಗೆ ಉಜ್ಜುವ ರಾಳದ ಪುಡಿ ವಾದ್ಯದ ಎದೆಯ ಮೇಲೆ ಬಿಳಿಯಾಗಿ ಕೂತಿತ್ತು. ಒಣಬಟ್ಟೆಯಲ್ಲಿ ಒರೆಸಿದ. ತಂತಿ ಕೂರುವ ಗೀರುಗಳಿಗೆ ಪೆನ್ಸಿಲ್ಲಿನ ಸೀಸ ತಿಕ್ಕಿದ. ತಂತಿಗಳನ್ನು ಹೊತ್ತು ನಿಲ್ಲುವ ಮರದ ಕುದುರೆ ಮುಂದಕ್ಕೆ ವಾಲಿತ್ತು. ಎರಡೂ ಕೈಯಲ್ಲಿ ಹಿಡಿದು ಕೂದಲೆಳೆಯಷ್ಟು ಹಿಂದಕ್ಕೆ ಎಳೆದ. ಬಿಟ್ಟುಕೊಂಡ ಮೂಲೆಗೆ ಬಿಸಿ ಅಂಟು ಸವರಿ ಬಿಗಿದ. ಒಂದೊಂದಕ್ಕೂ "ಆಗಬಹುದಾ ಮೇಡಂ?", "ನೋಡಿ ಮೇಡಂ." ನಡುಗುವ ಕೈಯಲ್ಲಿ ಅವನು ಇದೆಲ್ಲ ಮಾಡುವುದನ್ನು ನೋಡಿ ನನಗೆ ಮೈಯೆಲ್ಲ ಮುಳ್ಳು.

ಕೊನೆಗೆ ಅಂದೆ: "ಮಾವ, ಇನ್ನು ಮೇಲೆ ನಾನೇ ನೋಡ್ಕೋತೀನಿ. ಎರಡು ಬಸ್ಸು ಬದಲಾಯಿಸಿ ನೀನು ಬರೋದು ಯಾಕೆ?"

"ಸರಿ ಮೇಡಂ."

ಮೀಟರನ್ನು ಮೇಜಿನ ಮೇಲೆ ಇಟ್ಟು ಹೋದ. ಅವನ ಮೇಲಿನ ಕಾಳಜಿಯಿಂದ ಹೇಳಿದೆ ಎಂದು ಮೊದಲು ಬರೆದಿದ್ದೆ. ಹೊಡೆದುಹಾಕಿದ್ದೇನೆ. ನನ್ನ ಕಣ್ಣೆದುರಿಗೆ ಅವನು ಇರಬಾರದು ಎಂದು ಹೇಳಿದೆ.

ನವೆಂಬರ್ ೧೩, ಬುಧವಾರ

ಅಮ್ಮನ ಫೋನ್. "ನಿನ್ನನ್ನ ಮೇಡಂ ಅಂತಾನಂತಲ್ಲ ನನ್ನ ತಮ್ಮ. ಹಾಗಾದ್ರೆ ನನ್ನನ್ನ ಏನನ್ನಬೇಕು, ದೊಡ್ಡ ಮೇಡಂ ಅಂತಲಾ?" ಎಂದು ನಕ್ಕಿದ್ದೇ ನಕ್ಕಿದ್ದು. ಯಾಕೆ ಹಾಗೆ ಕರೆಯುತ್ತಾನೆ ಎಂದು ಮಾವ ಹೇಳಿಲ್ಲ. "ದೊಡ್ಡ ಕೆಲಸಕ್ಕೆ ಸೇರಿದಾಳೆ, ಗೌರವ ಕೊಡಬೇಡ್ವಾ" ಅಂದನಂತೆ. ಅವಳಿಗೆ ಅದು ತಮಾಷೆ. ನಾನೂ ನಕ್ಕೆ.

ನವೆಂಬರ್ ೧೭, ಭಾನುವಾರ

ಮಧ್ಯಾಹ್ನ ಹೊಸ ತಂತಿ ಹಾಕಲು ಕೂತೆ. ಹಳೆಯವು ನಾಲ್ಕನ್ನೂ ಬಿಚ್ಚಿ ಪಕ್ಕಕ್ಕಿಟ್ಟೆ. ಬೆರಳು ಓಡುವ ಕರಿಪಟ್ಟಿಯನ್ನೂ ಒರೆಸಿದ ಹಾಗಾಗುತ್ತೆ ಎಂಬ ಜಾಣತನ. ಕುದುರೆ ಕಳಚಿ ಕೈಗೆ ಬಂತು. ವಾದ್ಯವನ್ನು ಮಗ್ಗುಲಿಗೆ ಮಲಗಿಸಿದೆ. ಒಳಗೆ ಏನೋ 'ಲೊಟಕ್' ಎಂದು ಬಿತ್ತು. ಉರುಳಿತು.

ಏನೋ ಸಣ್ಣ ತುಂಡು ಇರಬೇಕೆಂದು ಹೊಸ ತಂತಿ ಏರಿಸಿ ಬಿರಡೆ ತಿರುಗಿಸತೊಡಗಿದೆ. ಅರ್ಧ ಬಿಗಿಯುವಷ್ಟರಲ್ಲಿ ವಾದ್ಯದ ಎದೆ, ಕುದುರೆಯ ಕಾಲಿನ ಕೆಳಗೆ, ಒಳಕ್ಕೆ ಇಳಿಯುವುದು ಕಣ್ಣಿಗೇ ಕಂಡಿತು. ಮರ ಒಂದು ಸಣ್ಣ ಸದ್ದು ಮಾಡಿತು. ಒಡನೆ ಎಲ್ಲ ಸಡಿಲಿಸಿದೆ.

ಬಿದ್ದದ್ದು ಒಳಗಂಬ. ಹೆಬ್ಬೆರಳು ದಪ್ಪದ ಒಂದು ಮರದ ಕೋಲು. ಎದೆಗೂ ಬೆನ್ನಿಗೂ ನಡುವೆ, ಕುದುರೆಯ ಒಂದು ಕಾಲಿನ ನೇರಕ್ಕೆ ನಿಂತಿರುತ್ತದೆ. ಅದಕ್ಕೆ ಅಂಟಿಲ್ಲ, ಮೊಳೆಯಿಲ್ಲ. ತಂತಿಗಳ ಒತ್ತಡವೇ ಅದನ್ನು ಹಿಡಿದಿಡುವುದು. ಅದಕ್ಕೇ ತಂತಿ ಬದಲಿಸುವವರು ಒಂದು ಬಿಚ್ಚಿ, ಒಂದು ಹಾಕಿ, ಆಮೇಲೆ ಇನ್ನೊಂದಕ್ಕೆ ಹೋಗುತ್ತಾರೆ. ಕಾಲೇಜಿನಲ್ಲಿ ಓದಿದವರಿಗೆ ಮೊದಲ ವಾರವೇ ಗೊತ್ತಿರುತ್ತದೆ. ಮಾವ ಯಾವಾಗಲೂ ನನ್ನ ಕಣ್ಣೆದುರಿಗೇ ಹಾಗೆ ಮಾಡುತ್ತಿದ್ದ. ಅವನು ಮಾಡುವಾಗ ನಾನು ಪತ್ರಿಕೆ ಓದುತ್ತಿದ್ದೆ.

ಎದೆ ಬಿರುಕು ಬಿಟ್ಟಿದೆಯೋ ಇಲ್ಲವೋ ಗೊತ್ತಿಲ್ಲ. ಟಾರ್ಚ್ ಹಿಡಿದು ನೋಡಿದರೆ ಎಲ್ಲ ಗೆರೆಯೂ ಬಿರುಕಿನ ಹಾಗೇ ಕಾಣುತ್ತದೆ.

ನವೆಂಬರ್ ೧೮, ಸೋಮವಾರ

ಹಾಲ್‌ನ ಹೆಚ್ಚುವರಿ ವಾದ್ಯದಲ್ಲಿ ನುಡಿಸಿದೆ. ಪ್ಲೈವುಡ್ಡಿನದು. ಬೀರುವಿನ ಬಾಗಿಲು ಬಡಿದ ಹಾಗಿತ್ತು.

ನನ್ನದು ರಿಪೇರಿಗೆ ಕೊಟ್ಟಿದೆ ಎಂದೆ. "ಪರವಾಗಿಲ್ಲ," ಎಂದರು ಮುಖ್ಯಸ್ಥೆ, "ಆದ್ರೆ ಶುಕ್ರವಾರ ನಿಮ್ಮದರಲ್ಲೇ ಕೇಳಬೇಕು. ನಿಮ್ಮ ವಿಷಯ ನಾನು ಅವತ್ತೇ ತೀರ್ಮಾನಿಸೋದು."

ಗೊಣಗ ಅಂದ: "ನಿಮಗೇನು ಚಿಂತೆ, ಸ್ವಂತ ರಿಪೇರಿಯವರು ಇದ್ದಾರೆ. ನಮ್ಮದನ್ನ ಕೇಳೋರೇ ಇಲ್ಲ."

ನಾಲ್ಕು ಅಂಗಡಿಗೆ ಫೋನ್ ಮಾಡಿದೆ. ಪಿಟೀಲಾದರೆ ತನ್ನಿ ಅಂದರು. ಬಾಸ್ ಅಂದರೆ ಮುಂದಿನ ತಿಂಗಳು.

ನವೆಂಬರ್ ೧೯, ಮಂಗಳವಾರ

ಬೆಳಿಗ್ಗೆ ಮಾವನಿಗೆ ಫೋನ್ ಮಾಡಿದೆ. ಹೇಳುವುದನ್ನು ಹೇಳಿ ಮುಗಿಸಲು ಬಹಳ ಹೊತ್ತು ಬೇಕಾಯಿತು. ಆಮೇಲೆ, "ಬಿಗಿದ್ರಾ?" ಎಂದ.

"ಅರ್ಧ."

"ಮುಟ್ಟಬೇಡಿ. ಬರ್ತೀನಿ."

ಬಂದವನು ನನ್ನನ್ನು ನೋಡಲೇ ಇಲ್ಲ. ವಾದ್ಯದ ಪಕ್ಕ ಮಂಡಿಯೂರಿ, ಅಂಗೈಯನ್ನು ಅದರ ಎದೆಯ ಮೇಲೆ ಬಹಳ ಹೊತ್ತು ಇಟ್ಟುಕೊಂಡ. ಆಮೇಲೆ ಕುಟ್ಟಿದ, ಅಂಚಿನುದ್ದಕ್ಕೂ. ನಾನೂ ಕಿವಿಗೊಟ್ಟೆ. ಗಟ್ಟಿ ಇರುವ ಕಡೆ ಒಂದು ಸದ್ದು, ಬಿಟ್ಟುಕೊಂಡ ಕಡೆ ಇನ್ನೊಂದು, ತಟ್ಟೆ ಅಲುಗಿದ ಹಾಗೆ. ಇಷ್ಟು ವರ್ಷ ನನಗೆ ಅವೆರಡೂ ಒಂದೇ ಆಗಿದ್ದವು.

"ಮೇಲಂಚಿನಲ್ಲಿ ಅಂಟು ಬಿಟ್ಟಿದೆ. ಅಂಟು ಬಿಟ್ಟುಕೊಂಡಿದ್ದಕ್ಕೇ ಮರ ಉಳೀತು. ಬಲವಾದ ಅಂಟು ಹಾಕಿದ್ದಿದ್ರೆ ಸೀಳೋದು."

ಒಳಗಂಬ ನಿಲ್ಲಿಸುವ ಕೆಲಸ ಹೀಗೆ: ಎದೆಯ ಮೇಲಿನ ಉದ್ದ ಸೀಳಿನ ಮೂಲಕ ಬಾಗಿದ ಕಬ್ಬಿಣದ ಕಡ್ಡಿಯನ್ನು ಒಳಗೆ ಬಿಡಬೇಕು, ಅದರ ತುದಿಯಲ್ಲಿ ಕೋಲನ್ನು ಚುಚ್ಚಿ ಹಿಡಿದಿರಬೇಕು, ಕತ್ತಲಲ್ಲಿ ನೆಟ್ಟಗೆ ನಿಲ್ಲಿಸಬೇಕು. ಮಾವ ಮೂರು ಸಲ ಯತ್ನಿಸಿದ. ಮೂರು ಸಲವೂ ಕೈ ನಡುಗಿ ಕೋಲು ಬಿತ್ತು. ನಾಲ್ಕನೆಯ ಸಲ ಕಡ್ಡಿಯನ್ನು ನನ್ನ ಕಡೆ ಚಾಚಿದ.

ನಾನು ಕಡ್ಡಿ ಹಿಡಿದೆ. ಅವನು ಇನ್ನೊಂದು ಸೀಳಿನಲ್ಲಿ ಹಲ್ಲಿನ ವೈದ್ಯರ ಕನ್ನಡಿ ಇಳಿಸಿ ನೋಡುತ್ತ ಕೂತ. ನನ್ನ ಎಡಗೈಯಲ್ಲಿ ಟಾರ್ಚ್. ಇಬ್ಬರ ತಲೆಯೂ ತಾಗುವಷ್ಟು ಹತ್ತಿರ.

"ಮಾವ, ಅವತ್ತು ಹಾಲ್‌ನಲ್ಲಿ ನಾನು..."

"ಟಾರ್ಚ್ ಅಲ್ಲಾಡಿಸಬೇಡಿ ಮೇಡಂ."

ಟಾರ್ಚ್ ನೆಟ್ಟಗೆ ಹಿಡಿದೆ. ಎಡಕ್ಕೆ, ಎಂದ. ಇನ್ನೂ ಎಡಕ್ಕೆ. ಈಗ ಬುಡ ಒಳಗೆ. ನಾನು ಬಲಕ್ಕೆ ತಳ್ಳಿದೆನೇನೋ. "ಎಡ ಅಂದೆನಲ್ಲೇ, ಕತ್ತೆ!" ಎಂದು ಗದರಿದ.

ಅಷ್ಟು ಹಿತವಾದ ಮಾತು ಈ ತಿಂಗಳಲ್ಲಿ ಯಾರೂ ನನಗೆ ಆಡಿರಲಿಲ್ಲ.

ಕೋಲು ನಿಂತಿತು. ತಂತಿಗಳನ್ನು ಒಂದೊಂದಾಗಿ ಬಿಗಿದೆವು. ಕಮಾನು ಎಳೆದಾಗ ದಪ್ಪ ತಂತಿ ಒಡನೆ ಮಾತಾಡಿತು. ಕಂಪನ ನೆಲಕ್ಕಿಳಿದು ಪಾದಕ್ಕೆ ಬಂತು. ಮಾವ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದ.

"ಇನ್ನೂ ಒಂದು ಚೂರು ಬಲಕ್ಕೆ ಬರಬೇಕು. ಗುರುವಾರ ಅದನ್ನೂ ಅಂಚಿನ ಅಂಟನ್ನೂ ಮಾಡೋಣ. ಅಲ್ಲಿವರೆಗೂ ಮಲಗಿಸಬೇಡಿ, ಮೇಡಂ."

ಮತ್ತೆ ಮೇಡಂ. ಟೀ ಕೊಟ್ಟೆ. ನಿಂತುಕೊಂಡೇ ಕುಡಿದು ಹೋದ.

ನವೆಂಬರ್ ೨೨, ಶುಕ್ರವಾರ

ನಿನ್ನೆ ಮಾವ ಬಂದು ಕೋಲು, ಅಂಚು ಎರಡನ್ನೂ ಸರಿಮಾಡಿ ಹೋದ. ಹಾಲ್‌ನಲ್ಲಿ ತೇವ ಮೂವತ್ತೆಂಟು. ಮನೆಯಿಂದ ಹೊರಡುವಾಗ ಐವತ್ತೊಂದಿತ್ತು. ಒದ್ದೆ ಸ್ಪಂಜಿನ ಕೊಳವೆಯನ್ನು ವಾದ್ಯದೊಳಗೆ ಬಿಟ್ಟೇ ತಂದಿದ್ದೆ.

ಮುಖ್ಯಸ್ಥೆ ನನ್ನೊಬ್ಬಳನ್ನೇ ಕೂರಿಸಿಕೊಂಡು ಕೇಳಿದರು. ಕೇಳುತ್ತ ಒಂದು ಸಲ ನನ್ನ ವಾದ್ಯದ ಭುಜದ ಮೇಲೆ ಬೆರಳಿಟ್ಟು ಅದರ ಕಂಪನ ನೋಡಿದರು. ತೀರ್ಮಾನ ಮುಂದಿನ ತಿಂಗಳು ತಿಳಿಸುತ್ತಾರಂತೆ. ಹೊರಡುವಾಗ ಅಂದರು: "ನಿಮ್ಮ ರಿಪೇರಿಯವರಿಗೆ ಕಿವಿ ಇದೆ. ಎಂಟು ವಾದ್ಯಕ್ಕೂ ಒಬ್ಬರು ಬೇಕಾಗಿದ್ದಾರೆ ನಮಗೆ. ಬರ್ತಾರಾ ಕೇಳ್ತೀರಾ?"

ಬಾಯಿ ತೆರೆದೆ. ಅವರು ನನ್ನ ಮಾವ, ಮೂರೇ ಪದ. ತೀರ್ಮಾನ ಇನ್ನೂ ಬಂದಿಲ್ಲ ಎಂಬುದು ಆ ಮೂರು ಪದಕ್ಕೆ ಅಡ್ಡ ನಿಂತಿತು.

"ಕೇಳಿ ಹೇಳ್ತೀನಿ" ಅಂದೆ.

ನವೆಂಬರ್ ೨೬, ಮಂಗಳವಾರ

ತೇವ ನಲವತ್ತೆರಡು. ಮಾವ ಹಾಲ್‌ಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಹೊಸ ಚೀಲ. ಅವನಿಗಾಗಿ ಹಿಂದಿನ ಕೋಣೆಯಲ್ಲಿ ಒಂದು ಮೇಜು ಹಾಕಿದ್ದಾರೆ. ಒಬ್ಬೊಬ್ಬರೇ ವಾದ್ಯ ಹೊತ್ತು ಹೋಗಿ ಬಾಗಿಲಲ್ಲಿ ನಿಂತೆವು. ಗೊಣಗ ತನ್ನ ವಾದ್ಯದ ಮೇಲೆ ಇಪ್ಪತ್ತು ದೂರು ಹೇಳಿದ. ಮಾವ ಎಲ್ಲ ಕೇಳಿ, "ವಾದ್ಯ ಚೆನ್ನಾಗಿದೆ. ನೀವು ರಾತ್ರಿ ಸರಿಯಾಗಿ ನಿದ್ದೆ ಮಾಡ್ತೀರಾ?" ಎಂದ. ಇಡೀ ಸಾಲು ನಕ್ಕಿತು. ಗೊಣಗನೂ.

ಸಣ್ಣ ಕೆಲಸಕ್ಕೆ ಗಟ್ಟಿ ಕೈ ಬೇಕಾದಾಗ ಮುಖ್ಯಸ್ಥೆಯೇ ಹಿಡಿದುಕೊಟ್ಟರು. ಕೆಲಸ ಮಾಡುತ್ತ ಅವನು ಹಳೆಯ ಹಾಡೊಂದನ್ನು ಗುನುಗುತ್ತಿದ್ದ. ಬೆರಳು ಮಡಚದಂತಾದ ಮೇಲೆ ಅವನು ಗುನುಗಿದ್ದು ನಾನು ಕೇಳಿರಲಿಲ್ಲ.

ನನ್ನ ಸರದಿ ಕೊನೆಗೆ ಬಂತು. "ಮೇಡಂ ಚೆನ್ನಾಗಿ ನೋಡಿಕೊಂಡಿದ್ದಾರೆ" ಎಂದು ಎಲ್ಲರೆದುರು ಹೇಳಿದ. ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ನವೆಂಬರ್ ೩೦, ಶನಿವಾರ

ಮೂವತ್ತೊಂಬತ್ತು. ಗೊಣಗ ತನ್ನ ವಾದ್ಯವನ್ನು ಹವಾನಿಯಂತ್ರಕದ ಗಾಳಿಗೆ ಎದುರಾಗಿ ಇಟ್ಟು ಟೀಗೆ ಹೋಗಿದ್ದ. ಸರಿಸಿಟ್ಟೆ. ಬಂದವನಿಗೆ ಬುದ್ಧಿ ಹೇಳಿದೆ. "ನೀವೂ ಶುರು ಮಾಡಿದ್ರಾ?" ಎಂದ. ಏನು ಶುರು ಮಾಡಿದೆ ಎಂದು ಅರ್ಥವಾಗಲಿಲ್ಲ.

ಡಿಸೆಂಬರ್ ೫, ಗುರುವಾರ

ಕಾಯಂ ಆಯಿತು.

ಅಮ್ಮನಿಗೆ ಹೇಳಿದೆ. ಮಾವನಿಗೆ ಹೇಳಿದ್ದು ಅಮ್ಮ. ಇನ್ನು ಹೆದರಲಿಕ್ಕೆ ಕಾರಣವಿಲ್ಲ. ಕಾರಣ ಹೋದ ಮೇಲೆ ಹೇಳುವ ನಿಜಕ್ಕೆ ಎಷ್ಟು ಬೆಲೆ ಎಂದು ನನಗೆ ಗೊತ್ತು. ಆದರೂ ನಾಳೆ ಎಲ್ಲರೆದುರು ಹೇಳುತ್ತೇನೆ. ಕಲಿಸಿದ್ದು ಅವನು ಎಂಬುದನ್ನೂ.

ಡಿಸೆಂಬರ್ ೬, ಶುಕ್ರವಾರ

ಬಿಡುವಿನಲ್ಲಿ ಹಿಂದಿನ ಕೋಣೆಯಲ್ಲಿ ಎಲ್ಲರೂ ಸೇರಿದ್ದೆವು. ನನಗೆ ಅಭಿನಂದನೆ ಹೇಳಲು ಮುಖ್ಯಸ್ಥೆಯೂ ಬಂದಿದ್ದರು. ಮಾವ ಒಂದು ವಾದ್ಯದ ಮೇಲೆ ಬಾಗಿ ಕುದುರೆ ನೇರ ಮಾಡುತ್ತಿದ್ದ. ನಾನು ಅವನ ಪಕ್ಕ ಹೋಗಿ ನಿಂತೆ.

"ಒಂದು ಮಾತು ಹೇಳಬೇಕು," ಅಂದೆ. ಧ್ವನಿ ಬೇರೆ ಯಾರದೋ ಇದ್ದ ಹಾಗಿತ್ತು. "ಇವರು ನನ್ನ ಮಾವ. ನನಗೆ ಬಾಸ್ ಕಲಿಸಿದ್ದು ಇವರೇ. ನಾನು ಮೊದಲೇ ಹೇಳಬೇಕಿತ್ತು."

ಎಲ್ಲರೂ ಮಾವನನ್ನು ನೋಡಿದರು. ಅವನು ಕುದುರೆಯಿಂದ ಕೈ ತೆಗೆಯಲಿಲ್ಲ. ತಲೆಯನ್ನೂ ಎತ್ತಲಿಲ್ಲ.

"ಮೇಡಂ ದೊಡ್ಡ ಮನಸ್ಸಿನವರು," ಎಂದ. "ವಯಸ್ಸಾದವನು ಅಂತ ನನ್ನನ್ನ ಮಾವ ಅಂತಲೇ ಕರೀತಾರೆ. ನಾನು ಅವರಿಗೆ ಏನು ಕಲಿಸಲಿ? ತಂತಿ ಬದಲಾಯಿಸೋದು ಒಂದು ತೋರಿಸಿಕೊಟ್ಟೆ."

ಒಂದು ಮೆಚ್ಚುಗೆಯ ನಗು ಕೋಣೆಯಲ್ಲಿ ಸುತ್ತಿತು. "ಎಷ್ಟು ಜನ ಹೀಗೆ ಹೇಳ್ತಾರೆ, ರಿಪೇರಿಯವರನ್ನ ಗುರು ಅಂತ?" ಎಂದರು ಮುಖ್ಯಸ್ಥೆ. ನನ್ನ ಭುಜ ತಟ್ಟಿದರು. ನನ್ನ ಮರ್ಯಾದೆ ಒಂದು ಮೆಟ್ಟಿಲು ಏರಿತು. ನಾನು "ಅಲ್ಲ, ನಿಜವಾಗಿಯೂ" ಎಂದದ್ದು ವಿನಯದ ಲೆಕ್ಕಕ್ಕೆ ಹೋಯಿತು.

"ಬೆಳಕಿಗೆ ಅಡ್ಡ ನಿಂತಿದ್ದೀರಿ ಮೇಡಂ," ಎಂದ ಮಾವ. ಸರಿದು ನಿಂತೆ.

ಸಂಜೆ ಬಸ್ ನಿಲ್ದಾಣದಲ್ಲಿ ಅವನನ್ನು ಹಿಡಿದೆ. ಬೇರೆ ಯಾರೂ ಇರಲಿಲ್ಲ.

"ಯಾಕೆ ಹಾಗೆ ಮಾಡಿದೆ ಮಾವ? ಸೇಡಾ?"

"ಸೇಡು ತೀರಿಸೋ ವಯಸ್ಸಾ ಇದು?" ಎಂದು ಚೀಲವನ್ನು ಮಡಿಲಲ್ಲಿ ಸರಿಮಾಡಿಕೊಂಡ. "ಮೊದಲ ದಿನ ಬೇಜಾರಾಯ್ತು. ಸುಳ್ಳು ಯಾಕೆ ಹೇಳಲಿ. ಮನೆಗೆ ಹೋಗಿ ಊಟ ಮಾಡಲಿಲ್ಲ. ಆಮೇಲೆ ಮೇಡಂ ಮೇಡಂ ಅಂದಿದ್ದು ನಿನಗೆ ಚುಚ್ಚಲಿ ಅಂತಲೇ."

"ಚುಚ್ತು."

"ಗೊತ್ತು. ಆದರೆ ಈಗ ಅದು ಬೇರೆ. ಇಲ್ಲಿ ಎಂಟು ವಾದ್ಯ ನನ್ನ ಕೈಯಲ್ಲಿವೆ. ನನ್ನ ಕೈ ನಡುಗುತ್ತೆ ಅಂತ ಗೊತ್ತಿದ್ದೂ ಕರೀತಾರೆ. ನೀನು ಇವರು ನನ್ನ ಮಾವ ಅಂದುಬಿಟ್ರೆ, ನಾಳೆಯಿಂದ ಏನಂತಾರೆ? ಅಕ್ಕನ ಮಗಳು ಕಾಯಂ ಆದಳು, ಮುದುಕನನ್ನ ತಂದು ಕೂರಿಸಿದಳು ಅಂತಾರೆ." ಬಸ್ಸು ಬಂತೇ ಎಂದು ರಸ್ತೆಯತ್ತ ಬಗ್ಗಿ ನೋಡಿದ. "ಬೇಡ. ನನಗೆ ನಾಚಿಕೆ ಆಗುತ್ತೆ."

"ನಾನು ನಿನ್ನ ಅಕ್ಕನ ಮಗಳು ಅನ್ನೋದಕ್ಕಾ?"

"ಅಲ್ಲಿ, ಆ ಕೋಣೆಯಲ್ಲಿ. ಹೌದು."

ಇದನ್ನು ಅವನು ನೋಯಿಸಲೆಂದು ಹೇಳಲಿಲ್ಲ. ಮರದ ಅಂಚನ್ನು ಕುಟ್ಟಿ, ಇಲ್ಲಿ ಬಿಟ್ಟಿದೆ, ಇಲ್ಲಿ ಗಟ್ಟಿ ಇದೆ ಎನ್ನುವ ಧಾಟಿಯಲ್ಲೇ ಹೇಳಿದ. ಅಷ್ಟರಲ್ಲಿ ಗೊಣಗ ರಸ್ತೆ ದಾಟಿ ನಮ್ಮ ಕಡೆಗೇ ಬಂದ. ಅವನ ಹಿಂದೆಯೇ ಮಾವನ ಬಸ್ಸು.

ಮಾವ ಎದ್ದು ನಿಂತ. "ಬರ್ತೀನಿ ಮೇಡಂ. ಮಂಗಳವಾರ ನೋಡೋಣ."

"ಆಗಲಿ, ಬನ್ನಿ," ಅಂದೆ.

ಬಸ್ಸು ಹೊರಟಿತು. ಗೊಣಗ ಅವನು ಕೂತಿದ್ದ ಜಾಗದಲ್ಲಿ ಕೂತು, ಈ ನಿಲ್ದಾಣದ ಬೆಂಚು ಎಷ್ಟು ಕೆಟ್ಟದ್ದೆಂದು ಗೊಣಗಿದ. ಆಮೇಲೆ ಕೇಳಿದ:

"ಒಳ್ಳೇ ಮನುಷ್ಯ. ಎಲ್ಲಿ ಸಿಕ್ಕರು ನಿಮಗೆ?"

ಪರಿಚಯದವರೊಬ್ಬರು ಹೇಳಿದರು, ಅಂದೆ.